ಸೆರೆಯಾಳು ಮತ್ತು ಅಕ್ಷರ

(ಸಂಘದ ವಾರ್ಷಿಕೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)

 

ಯುದ್ಧಕೈದಿಗಳ ಬಗ್ಗೆ ಮಾತನಾಡುತ್ತೇನೆ ಎಂದಾಗ, ವಿದ್ಯಾಸಂಘದ ಸಭೆಯಲ್ಲಿ ಈ ವಿಷಯ ಏಕೆ ಎಂದು ಕೆಲವರು ಕೇಳಿದರು. ಯುದ್ಧದ ಪಾಠ ಮಾಡುವಾಗ ನಾವು ಶಿಕ್ಷಕರು ರಾಜರ ಹೆಸರು, ಇಸವಿ, ಒಪ್ಪಂದದ ಷರತ್ತುಗಳನ್ನು ಬಾಯಿಪಾಠ ಮಾಡಿಸುತ್ತೇವೆ. ಗೆದ್ದವರು ಯಾರು, ಮಡಿದವರೆಷ್ಟು ಎಂದು ಬರೆಸುತ್ತೇವೆ. ಗೆಲ್ಲದೆ, ಮಡಿಯದೆ, ಶತ್ರುವಿನ ಕೈಗೆ ಸಿಕ್ಕಿ ಉಳಿದವನ ಕಥೆ ಪಠ್ಯಪುಸ್ತಕದಲ್ಲಿ ಬರುವುದು ಅಪರೂಪ. ಆ ಕಥೆಗಳನ್ನು ಓದುತ್ತಾ ಹೋದಂತೆ ನನಗೆ ಮನದಟ್ಟಾದ ಸಂಗತಿಯೆಂದರೆ, ಸೆರೆಯಾಳಿನ ಬದುಕು ಅನ್ನ ನೀರಿನಷ್ಟೇ ಅಕ್ಷರವನ್ನೂ ನೆಚ್ಚಿಕೊಂಡಿದೆ. ಆದ್ದರಿಂದ ಇದು ನಮ್ಮ ವೇದಿಕೆಯ ವಿಷಯವೇ ಆಗಿದೆ.

ಉರ್ದುವಿನಲ್ಲಿ 'ಜಂಗೀ ಕೈದಿ' ಎನ್ನುತ್ತೇವೆ, ಕನ್ನಡದಲ್ಲಿ 'ಯುದ್ಧಕೈದಿ'. ಅರಬಿಯಿಂದ ಬಂದ 'ಕೈದಿ' ಎಂಬ ಪದವನ್ನು ಎರಡೂ ಭಾಷೆಗಳು ತಮ್ಮದಾಗಿಸಿಕೊಂಡಿವೆ. ಆದರೆ ಜೈಲಿನ ಕೈದಿ ಬೇರೆ, ಯುದ್ಧಕೈದಿ ಬೇರೆ. ಜೈಲಿನವನು ಅಪರಾಧಕ್ಕೆ ಶಿಕ್ಷೆ ಅನುಭವಿಸುತ್ತಾನೆ. ಯುದ್ಧಕೈದಿ ಹೋರಾಡಿದ್ದೇ ಅಪರಾಧವಲ್ಲ. ಅವನು ಮತ್ತೆ ಆಯುಧ ಹಿಡಿಯಬಾರದೆಂದು ಮಾತ್ರ ತಡೆದಿಡುವುದು. ಈ ವ್ಯತ್ಯಾಸ ಕಾನೂನಿನಲ್ಲಿ ಬರಲು ಮನುಷ್ಯಕುಲ ಬಹಳ ಕಾಲ ಕಾಯಬೇಕಾಯಿತು.

ಹಿಜರಿ 2ರಲ್ಲಿ, ಅಂದರೆ ಕ್ರಿ.ಶ. 624ರಲ್ಲಿ ನಡೆದ ಬದ್ರ್ ಯುದ್ಧದಲ್ಲಿ ಸುಮಾರು 70 ಮಂದಿ ಸೆರೆ ಸಿಕ್ಕರು. ಅವರಲ್ಲಿ ಒಬ್ಬನಾದ ಅಬೂ ಅಝೀಝ್, ತನ್ನನ್ನು ಕಾಯುತ್ತಿದ್ದವರು ತನಗೆ ರೊಟ್ಟಿ ಕೊಟ್ಟು ತಾವು ಖರ್ಜೂರ ತಿನ್ನುತ್ತಿದ್ದರೆಂದು ಮುಂದೆ ಹೇಳಿಕೊಂಡಿದ್ದಾನೆ. ಮದೀನಾದಲ್ಲಿ ಖರ್ಜೂರ ಧಾರಾಳ, ರೊಟ್ಟಿಯೇ ಅಪರೂಪ. ಹಣವಿದ್ದವರು ಫಿದ್ಯಾ ತೆತ್ತು ಬಿಡುಗಡೆಯಾದರು. ಹಣವಿಲ್ಲದ, ಆದರೆ ಓದು ಬರಹ ಬಲ್ಲ ಕೈದಿಗಳಿಗೆ ಪ್ರವಾದಿವರ್ಯರು(ಸ) ಬೇರೆ ದಾರಿ ತೋರಿದರು. ಮದೀನಾದ ಹತ್ತು ಮಕ್ಕಳಿಗೆ ಅಕ್ಷರ ಕಲಿಸಿದರೆ ಅದೇ ಅವರ ಫಿದ್ಯಾ. ಮುಂದೆ ಪವಿತ್ರ ಕುರ್‌ಆನಿನ ಗ್ರಂಥೀಕರಣದ ಹೊಣೆ ಹೊತ್ತ ಝೈದ್ ಬಿನ್ ಸಾಬಿತ್(ರ) ಅವರೂ ಹೀಗೆ ಕಲಿತ ಬಾಲಕರಲ್ಲಿ ಒಬ್ಬರೆಂಬ ವರದಿ ಇದೆ. ನಿನ್ನೆ ಕತ್ತಿ ಹಿಡಿದು ಎದುರು ನಿಂತವನನ್ನು ಇಂದು ಮಕ್ಕಳ ಮುಂದೆ ಗುರುವಾಗಿ ಕೂರಿಸಲು ಎಷ್ಟು ವಿಶಾಲ ಮನಸ್ಸು ಬೇಕು, ಯೋಚಿಸಿ.

ಇನ್ನು ನಮ್ಮ ನಾಡಿಗೆ ಬರೋಣ. 1780ರ ಸೆಪ್ಟೆಂಬರಿನಲ್ಲಿ ಕಾಂಚೀಪುರದ ಬಳಿ ಪೊಲ್ಲಿಲೂರಿನಲ್ಲಿ ಹೈದರ್ ಅಲಿ ಮತ್ತು ಟಿಪ್ಪುವಿನ ಸೇನೆ ಕರ್ನಲ್ ಬೇಲಿಯ ದಂಡನ್ನು ಸೋಲಿಸಿತು. ಸೆರೆಯಾದವರನ್ನು ಶ್ರೀರಂಗಪಟ್ಟಣಕ್ಕೆ ತಂದರು. ಬೇಲಿ 1782ರಲ್ಲಿ ಸೆರೆಯಲ್ಲೇ ತೀರಿಕೊಂಡನು. ಅವನ ಜೊತೆ ಸಿಕ್ಕ ಡೇವಿಡ್ ಬೇರ್ಡ್ 1784ರ ಮಂಗಳೂರು ಒಪ್ಪಂದದ ನಂತರ ಬಿಡುಗಡೆಯಾಗಿ, 1799ರ ಮೇ 4ರಂದು ಅದೇ ಪಟ್ಟಣದ ಕೋಟೆಗೆ ಲಗ್ಗೆ ಹಾಕಿದ ಪಡೆಯ ಮುಂದಾಳಾಗಿ ಬಂದನು. ಸೆರೆಯಲ್ಲಿದ್ದ ಇಂಗ್ಲಿಷರಲ್ಲಿ ಹಲವರು ಊರಿಗೆ ಮರಳಿ ಪುಸ್ತಕ ಬರೆದರು. ಜೇಮ್ಸ್ ಬ್ರಿಸ್ಟೊನ ಪುಸ್ತಕ 1793ರಲ್ಲಿ, ಜೇಮ್ಸ್ ಸ್ಕರಿಯದು 1824ರಲ್ಲಿ ಹೊರಬಂತು. ಟಿಪ್ಪುವಿನ ಬಗ್ಗೆ ಇಂಗ್ಲೆಂಡಿನ ಜನ ಕಟ್ಟಿಕೊಂಡ ಚಿತ್ರಕ್ಕೆ ಇಂಥ ಪುಸ್ತಕಗಳೂ ಬಣ್ಣ ಕೊಟ್ಟವು. ಅವರು ಪಟ್ಟ ಕಷ್ಟ ಸುಳ್ಳೆಂದು ನಾನು ಹೇಳುತ್ತಿಲ್ಲ. ಸಂಕೋಲೆ ಯಾರ ಕಾಲಿಗಾದರೂ ಸಂಕೋಲೆಯೇ. ಆದರೆ ಬೇಲಿಯ ದಂಡಿನಲ್ಲಿ ಹೆಚ್ಚಿನವರು ನಮ್ಮವರೇ ಆದ ಸಿಪಾಯಿಗಳು. ಅವರ ಅನುಭವಕಥನ ಯಾವ ಗ್ರಂಥಾಲಯದ ಕಪಾಟಿನಲ್ಲಿದೆ? ಬರೆದವನ ನೋವು ಇತಿಹಾಸವಾಯಿತು, ಬರೆಯದವನ ನೋವು ಅವನೊಂದಿಗೇ ಮಣ್ಣಾಯಿತು.

ಮೊದಲನೆಯ ಮಹಾಯುದ್ಧದಲ್ಲೂ ಇದೇ ಆಯಿತು. 1914ರ ಶರತ್ಕಾಲದಲ್ಲಿ ಲಾಹೋರ್ ಮತ್ತು ಮೀರತ್ ಡಿವಿಷನ್ನುಗಳ ಭಾರತೀಯ ಸೈನಿಕರು ಫ್ರಾನ್ಸಿನಲ್ಲಿ ಇಳಿದರು. ಜರ್ಮನರ ಕೈಗೆ ಸಿಕ್ಕ ಹಲವರನ್ನು ಬರ್ಲಿನ್ನಿಗೆ ದಕ್ಷಿಣದ ವೂನ್ಸ್‌ಡಾರ್ಫ್‌ನಲ್ಲಿದ್ದ 'ಅರ್ಧಚಂದ್ರ ಶಿಬಿರ'ಕ್ಕೆ ಒಯ್ದರು. ಅಲ್ಲಿ 1915ರಲ್ಲಿ ಕೈದಿಗಳಿಗಾಗಿ ಮರದ ಮಸೀದಿಯನ್ನೇ ಕಟ್ಟಿಸಲಾಯಿತು. ಹಿಂದಿ ಮತ್ತು ಉರ್ದುವಿನಲ್ಲಿ 'ಹಿಂದೋಸ್ತಾನ್' ಎಂಬ ಪತ್ರಿಕೆ ಹಂಚಿದರು. ಇದೆಲ್ಲ ಬರೀ ಆದರವಾಗಿರಲಿಲ್ಲ. ಈ ಸೈನಿಕರನ್ನು ಬ್ರಿಟಿಷರ ವಿರುದ್ಧ ತಿರುಗಿಸಿ, ಜರ್ಮನಿಯ ಮಿತ್ರನಾದ ತುರ್ಕಿಯ ಪಕ್ಷಕ್ಕೆ ಸೇರಿಸುವ ಉದ್ದೇಶ ಅದರ ಹಿಂದಿತ್ತು. ನಮಾಜಿನ ಜಾಗವೂ ರಾಜಕೀಯದ ದಾಳವಾಗಬಹುದು ಎಂಬುದನ್ನು ನಾವು ಮರೆಯಬಾರದು.

ಜರ್ಮನ್ ವಿದ್ವಾಂಸರಿಗೆ ಈ ಶಿಬಿರ ಭಾಷೆಗಳ ಗಣಿಯಾಗಿ ಕಂಡಿತು. 1915ರಿಂದ 1918ರವರೆಗೆ ಒಂದು ಆಯೋಗ ಅನೇಕ ಶಿಬಿರಗಳಲ್ಲಿ ಕೈದಿಗಳ ಮಾತು, ಹಾಡುಗಳನ್ನು ಮುದ್ರಿಸಿಕೊಂಡಿತು. ಸುಮಾರು 250 ಭಾಷೆ, ಉಪಭಾಷೆಗಳ 1,650 ಗ್ರಾಮಫೋನ್ ತಟ್ಟೆಗಳು ಸಿದ್ಧವಾದವು. ಅವು ಬರ್ಲಿನ್ನಿನ ಹಂಬೋಲ್ಟ್ ವಿಶ್ವವಿದ್ಯಾಲಯದ ಧ್ವನಿಸಂಗ್ರಹಕ್ಕೆ ಸೇರಿವೆ. ಪ್ರತಿಯೊಬ್ಬನಿಗೂ ಒಂದು ನಮೂನೆ ತುಂಬುತ್ತಿದ್ದರು. ಹೆಸರು, ಊರು, ಕಸುಬು. ಓದಲು ಬರುತ್ತದೆಯೇ, ಬರೆಯಲು ಬರುತ್ತದೆಯೇ?

1916ರ ಡಿಸೆಂಬರ್ 11ರಂದು ಪಂಜಾಬಿನ ಮಲ್ ಸಿಂಗ್ ಎಂಬ ಯುವಕ ಆ ಯಂತ್ರದ ಕೊಳವೆಯ ಮುಂದೆ ನಿಂತರು. ತಮ್ಮ ಕಥೆಯನ್ನೇ ಬೇರೊಬ್ಬನ ಕಥೆಯಂತೆ ಹೇಳಿದರು. ಊರಿನಲ್ಲಿ ಬೆಣ್ಣೆ ತಿಂದುಕೊಂಡಿದ್ದ ಒಬ್ಬ ಮನುಷ್ಯ, ಯುದ್ಧಕ್ಕೆ ಬಂದು ಸೆರೆಯಾದ, ಈಗ ಹಿಂದೂಸ್ತಾನಕ್ಕೆ ಮರಳಬೇಕೆನ್ನುತ್ತಿದ್ದಾನೆ, ಇನ್ನೆರಡು ವರ್ಷ ಇಲ್ಲೇ ಇದ್ದರೆ ಸತ್ತೇ ಹೋಗುತ್ತಾನೆ ಎಂಬುದು ಅದರ ಸಾರ. ವಿದ್ವಾಂಸರು ಹುಡುಕಿದ್ದು ಪಂಜಾಬಿಯ ಉಚ್ಚಾರಣೆಯನ್ನು. ಅವರು ಹೇಳಿದ್ದು ಊರಿನ ಹಂಬಲವನ್ನು! ಚಳಿ ಮತ್ತು ಕ್ಷಯರೋಗಕ್ಕೆ ಬಹಳ ಮಂದಿ ಬಲಿಯಾದರು. ಅಲ್ಲಿಗೆ ಸಮೀಪದ ಝೆಹ್ರೆನ್ಸ್‌ಡಾರ್ಫ್‌ನ ಭಾರತೀಯ ಸ್ಮಶಾನದಲ್ಲಿ ಅವಿಭಜಿತ ಭಾರತದ 206 ಮಂದಿಯ ಸ್ಮರಣೆ ಇದೆ.

ಊರಿಗೆ ಕಾಗದ ಬರೆಯುವುದೂ ಸುಲಭವಿರಲಿಲ್ಲ. ಆ ಯುದ್ಧಕ್ಕೆ ಹೋದ ನಮ್ಮ ಸೈನಿಕರಲ್ಲಿ ಬಹುಪಾಲು ಅನಕ್ಷರಸ್ಥರು. ಅಕ್ಷರ ಬಲ್ಲ ಜೊತೆಗಾರನ ಪಕ್ಕ ಕೂತು ಬರೆಸಬೇಕು. ಸೆನ್ಸಾರ್ ಅಧಿಕಾರಿ ಅದನ್ನು ಓದಬೇಕು. ಊರಿಗೆ ತಲುಪಿದ ಮೇಲೆ ಇನ್ನೊಬ್ಬರು ಹೆಂಡತಿಗೋ ತಾಯಿಗೋ ಓದಿ ಹೇಳಬೇಕು. ಇಷ್ಟು ಜನರ ಮುಂದೆ ಹಾದುಹೋಗುವ ಕಾಗದದಲ್ಲಿ ಮನಸ್ಸಿನ ಯಾವ ಮಾತನ್ನು ತಾನೇ ಹೇಳಲು ಸಾಧ್ಯ?

ಇನ್ನೊಂದು ಕಡೆಯ ಸತ್ಯವನ್ನೂ ಹೇಳಬೇಕು. ಇರಾಕಿನ ಕೂತ್ ಪಟ್ಟಣದಲ್ಲಿ ತುರ್ಕಿ ಸೇನೆಯ ಮುತ್ತಿಗೆಗೆ ಸಿಕ್ಕ ಬ್ರಿಟಿಷ್ ಮತ್ತು ಭಾರತೀಯ ಸೇನೆ 1916ರ ಏಪ್ರಿಲ್ 29ರಂದು ಶರಣಾಯಿತು. ಸುಮಾರು 13,000 ಮಂದಿ ಸೆರೆಯಾದರು. ಜನರಲ್ ಟೌನ್ಸೆಂಡ್ ಇಸ್ತಾಂಬುಲ್ ಬಳಿಯ ದ್ವೀಪದಲ್ಲಿ ಸುಖವಾಗಿ ಉಳಿದನು. ಸಾಮಾನ್ಯ ಸೈನಿಕರನ್ನು ಬಿಸಿಲಿನಲ್ಲಿ ನೂರಾರು ಮೈಲಿ ನಡೆಸಿ, ರೈಲುಮಾರ್ಗದ ಕೆಲಸಕ್ಕೆ ಹಚ್ಚಿದರು. ಹಸಿವು, ಭೇದಿ, ಹೊಡೆತಗಳಿಂದ ಸಾವಿರಾರು ಮಂದಿ ಸತ್ತರು. ಖಿಲಾಫತ್ತಿನ ಸೇನೆಯಲ್ಲವೇ ಎಂದು ಇದನ್ನು ಮುಚ್ಚಿಡುವುದು ನ್ಯಾಯವಲ್ಲ. ಸೆರೆಯಾಳಿಗೆ ಊಟ ನೀಡುವುದನ್ನು ಸತ್ಕರ್ಮವೆಂದು ಸಾರಿದ ಕುರ್‌ಆನನ್ನು ನಂಬುವವರು ಅದನ್ನು ಪಾಲಿಸದಿದ್ದರೆ ಅದು ಪಾಲಿಸದವರ ತಪ್ಪು.

ಈ ಕೂತ್ ಕೈದಿಗಳ ಪೈಕಿ ಬೆಂಗಾಲ್ ಆ್ಯಂಬುಲೆನ್ಸ್ ಕೋರ್‌ನ ಶಿಶಿರ್ ಪ್ರಸಾದ್ ಸರ್ಬಾಧಿಕಾರಿ ಎಂಬ ಯುವಕರಿದ್ದರು. ಅವರು ದಿನಚರಿಯ ಹಾಳೆಗಳನ್ನು ಬೂಟಿನೊಳಗೆ ಬಚ್ಚಿಟ್ಟು ಕಾಪಾಡಿದರು. ಮುಂದೆ 1950ರ ದಶಕದಲ್ಲಿ ಅದು ಬಂಗಾಳಿಯಲ್ಲಿ 'ಅಭಿ ಲೇ ಬಾಗ್ದಾದ್' ಎಂಬ ಪುಸ್ತಕವಾಯಿತು. ಆ ನಡಿಗೆಯನ್ನು ಭಾರತೀಯನೊಬ್ಬನ ಕಣ್ಣಿನಿಂದ ನೋಡಲು ಇಂದು ಸಾಧ್ಯವಾಗಿರುವುದು ಇಂಥ ದಿನಚರಿಯಿಂದ.

ಅದೇ ಯುದ್ಧಕಾಲದಲ್ಲಿ ಜಿನೀವಾದ ರೆಡ್‌ಕ್ರಾಸ್ ಸಂಸ್ಥೆ ಸುಮಾರು 20 ಲಕ್ಷ ಕೈದಿಗಳ ಬಗ್ಗೆ 70 ಲಕ್ಷದಷ್ಟು ಕಾರ್ಡುಗಳನ್ನು ಬರೆದಿಟ್ಟಿತು. ಮಗ ಎಲ್ಲಿದ್ದಾನೆಂದು ಕೇಳಿದ ತಾಯಿಗೆ ಉತ್ತರ ಸಿಗುತ್ತಿದ್ದುದು ಆ ಕಾರ್ಡಿನಿಂದ. ಇಂಥ ಅನುಭವಗಳಿಂದಲೇ 1929ರ ಮತ್ತು 1949ರ ಜಿನೀವಾ ಒಪ್ಪಂದಗಳು ರೂಪುಗೊಂಡವು. 1949ರ ಮೂರನೆಯ ಒಪ್ಪಂದದಂತೆ ಕೈದಿ ತನ್ನ ಹೆಸರು, ಹುದ್ದೆ, ಜನ್ಮದಿನಾಂಕ ಮತ್ತು ಸೈನಿಕ ಸಂಖ್ಯೆಯನ್ನಷ್ಟೇ ಹೇಳಿದರೆ ಸಾಕು. ಶಿಬಿರ ಸೇರಿದ ಒಂದು ವಾರದೊಳಗೆ ಮನೆಗೆ ಕಾರ್ಡು ಬರೆಯಲು ಬಿಡಬೇಕು. ಕಾಗದಗಳಿಗೆ ಮಿತಿ ಹೇರಿದರೂ ತಿಂಗಳಿಗೆ ಎರಡು ಪತ್ರ, ನಾಲ್ಕು ಕಾರ್ಡಿಗಿಂತ ಕಡಿಮೆ ಮಾಡುವಂತಿಲ್ಲ. ಕಲಿಕೆಗೂ ಪ್ರೋತ್ಸಾಹ ಕೊಡಬೇಕು. ಅಂದರೆ ಅಕ್ಷರ ಕೈದಿಯ ಹಕ್ಕಾಯಿತು.

ಲೆಕ್ಕದಲ್ಲಿ ಹೆಸರಿರುವುದರ ಬೆಲೆ ಏನೆಂದು 1971ರ ಯುದ್ಧ ತೋರಿಸಿತು. ಢಾಕಾದ ಶರಣಾಗತಿಯ ನಂತರ ಭಾರತದ ವಶಕ್ಕೆ ಬಂದ ಸುಮಾರು 93,000 ಮಂದಿಯನ್ನು ಶಿಬಿರಗಳಲ್ಲಿಟ್ಟು, 1974ರ ವೇಳೆಗೆ ಹಿಂದಕ್ಕೆ ಕಳುಹಿಸಲಾಯಿತು. ಆದರೆ ನಮ್ಮ 54 ಮಂದಿ ಸೈನಿಕರು ಪಾಕಿಸ್ತಾನದ ಸೆರೆಯಲ್ಲಿದ್ದಾರೆಂದು ಭಾರತ ಹೇಳುತ್ತಾ ಬಂದಿದೆ, ಪಾಕಿಸ್ತಾನ ಅಲ್ಲಗಳೆಯುತ್ತಾ ಬಂದಿದೆ. ಅವರ ಬಂಧುಗಳು 1983 ಮತ್ತು 2007ರಲ್ಲಿ ಅಲ್ಲಿನ ಜೈಲುಗಳಿಗೆ ಹೋಗಿ ಬರಿಗೈಯಲ್ಲಿ ಮರಳಿದರು. ಸತ್ತವನಿಗಾಗಿ ಅಳಬಹುದು. ಇದ್ದಾನೋ ಇಲ್ಲವೋ ತಿಳಿಯದವನಿಗಾಗಿ ಅಳುವುದಕ್ಕೂ ಮನಸ್ಸು ಒಪ್ಪದು.

ಪ್ರಿಯ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಎಷ್ಟೋ ಮಂದಿಯ ಮನೆಯಲ್ಲಿ ಬ್ಯಾಂಕಿನ ಚೀಟಿ, ಆಸ್ಪತ್ರೆಯ ಕಾಗದ, ದೂರದ ಮಗನ ಸಂದೇಶವನ್ನು ಇನ್ನೊಬ್ಬರಿಂದ ಓದಿಸಿಕೊಳ್ಳುವ ದಾದಿ, ನಾನಿ, ಅಮ್ಮೀಜಾನ್ ಇದ್ದಾರೆ. ಯಾವ ಯುದ್ಧವೂ ಇಲ್ಲದೆ ಅವರು ಆ ಸೈನಿಕನ ಹಾಗೆಯೇ ಪರರ ನಾಲಿಗೆಯನ್ನು ಅವಲಂಬಿಸಿದ್ದಾರೆ. ಸಹಿ ಹಾಕಲು ಕಲಿಸಿದರೆ ಸಾಲದು, ಓದಲು ಕಲಿಸಿ. ಉರ್ದುವಾಗಲಿ, ಕನ್ನಡವಾಗಲಿ, ಅವರಿಗೆ ಸುಲಭವಾದದ್ದರಿಂದ ಆರಂಭಿಸಿ. ಬದ್ರ್‌ನ ಕೈದಿಗೆ ಹತ್ತು ಮಕ್ಕಳಿಗೆ ಕಲಿಸುವ ಷರತ್ತಿತ್ತು. ಸ್ವತಂತ್ರರಾದ ನಿಮ್ಮಿಂದ ನಾನು ಕೇಳುವುದು ಈ ವರ್ಷಕ್ಕೆ ಒಬ್ಬರೇ ಒಬ್ಬರನ್ನು. ಮುಂದಿನ ವಾರ್ಷಿಕೋತ್ಸವಕ್ಕೆ ಅವರು ಈ ಸಭೆಗೆ ಬಂದು ಒಂದು ಪುಟ ಓದಲಿ. ಸಂಘದ ಹಿರಿಯರು ಇದಕ್ಕೆ ಬೆಂಬಲ ನೀಡಬೇಕೆಂದು ವಿನಂತಿಸುತ್ತೇನೆ.