ಚಿಕಿತ್ಸೆಯ ಮೂರನೆಯ ಪಾದ



ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕೂ ಕಡೆಯಿಂದ ಸದ್ಭಕ್ತರು ಇಲ್ಲಿ ನೆರೆದಿದ್ದೀರಿ. ಇಂದಿನ ಗೋಷ್ಠಿಯಲ್ಲಿ ಶ್ರೀಮಠದಿಂದ ಒಬ್ಬರಿಗೆ ಸನ್ಮಾನವೆಂದು ಕರಪತ್ರದಲ್ಲಿ ಅಚ್ಚಾಗಿದೆ. ಆ ಕುರ್ಚಿ ಖಾಲಿ ಇರುವುದನ್ನು ಕಂಡು ನೀವು ಆಗಿನಿಂದ ಗುಸುಗುಸು ಮಾತಾಡುತ್ತಿದ್ದೀರಿ. ಆ ಮಾತಿಗೆ ಆಮೇಲೆ ಬರುತ್ತೇವೆ. ಮೊದಲು ನಮ್ಮದೊಂದು ತಪ್ಪನ್ನು ನಿಮ್ಮೆದುರು ಹೇಳಬೇಕಾಗಿದೆ.

ಮೂರು ವರ್ಷದ ಹಿಂದೆ ನಮಗೆ ಹೊಟ್ಟೆಯ ಶಸ್ತ್ರಚಿಕಿತ್ಸೆಯಾದದ್ದು ನಿಮಗೆ ಗೊತ್ತು. ಗೊತ್ತಿದ್ದರಿಂದಲೇ ಹಣ್ಣು, ಹೂವು, ಟೆಂಗಿನಕಾಯಿ ಹಿಡಿದುಕೊಂಡು ಟ್ರ್ಯಾಕ್ಟರ್ ಮಾಡಿಕೊಂಡು ಬಂದಿರಿ. ಎರಡನೆಯ ದಿನ ವಾರ್ಡಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಆಗ ಆ ವಾರ್ಡಿನ ಹಿರಿಯ ಸಿಸ್ಟರ್ ಬಂದು, “ಅಪ್ಪಾರ, ಇಲ್ಲಿ ಪಾದಪೂಜಿ ಬ್ಯಾಡ್ರಿ. ಇವರ ಕೈಯಾಗಿನ ನಂಜು ನಿಮ್ಮ ಗಾಯಕ್ಕ ಬರತೈತಿ” ಎಂದು ಎಲ್ಲರನ್ನೂ ಹೊರಗೆ ಕಳಿಸಿದಳು. ಭಕ್ತರಿಗೆ ಸಿಟ್ಟು ಬಂದಿತು. ಒಬ್ಬ ಮುಖಂಡರಂತೂ ಈಕೆಯ ವರ್ಗಾವಣೆ ಮಾಡಿಸುತ್ತೇನೆಂದು ಹೊರಗೆ ನಿಂತು ಕೂಗಾಡಿದರು. ನಾವೂ ಸುಮ್ಮನಿದ್ದೆವು. ಆ ಸುಮ್ಮನಿರುವಿಕೆಯಲ್ಲಿ ಸ್ವಲ್ಪ ಅಭಿಮಾನಭಂಗವೂ ಇತ್ತು, ಮುಚ್ಚಿಡುವುದೇಕೆ?

ಅದೇ ರಾತ್ರಿ ನಮ್ಮ ಎದುರಿನ ಮಂಚದಲ್ಲಿ ಒಬ್ಬ ಮುದುಕ ರೈತ ಮಲಗಿದ್ದ. ಅವನಿಗೂ ಅಂದೇ ಹೊಟ್ಟೆಯ ಶಸ್ತ್ರಚಿಕಿತ್ಸೆಯಾಗಿತ್ತು. ರಾತ್ರಿ ಎರಡರ ಸುಮಾರಿಗೆ ಅವನು ತಳಮಳಿಸತೊಡಗಿದ. ಎಳೆಯ ನರ್ಸ್ ಒಬ್ಬಳು ಬಂದು ರಕ್ತದೊತ್ತಡ ನೋಡಿ, ಸರಿಯಾಗಿದೆಯೆಂದಳು. ಹಿರಿಯಳು ಮಾತ್ರ ಹೋಗಲಿಲ್ಲ. ಮುದುಕನ ಕೈ ಮುಟ್ಟಿ ನೋಡಿದಳು, ತಣ್ಣಗಿತ್ತು. “ಬಿ.ಪಿ. ಒಂದ ನಂಬಬ್ಯಾಡವ್ವಾ. ಅದು ಕಡೀಕ ಇಳೀತೈತಿ. ಉಸಿರು ಎಣಸು, ನಾಡಿ ಎಣಸು” ಎಂದು ಗಡಿಯಾರ ಹಿಡಿದು ಆ ಹುಡುಗಿಯಿಂದಲೇ ಎಣಿಸಿದಳು. ಎರಡೂ ಏರಿದ್ದವು. ಒಳಗೆಲ್ಲೋ ರಕ್ತ ಸೋರುತ್ತಿದೆಯೆಂದು ಆಕೆ ತರ್ಕಿಸಿದಳು. ವೈದ್ಯರಿಗೆ ಫೋನಿನಲ್ಲಿ ನಾಲ್ಕೇ ಮಾತು: ಯಾವ ರೋಗಿ, ಏನು ಕಂಡಿತು, ನಾಡಿ ಎಷ್ಟು, ನೀವು ಈಗಲೇ ಬರಬೇಕು. ಅವರು ಬರುವಷ್ಟರಲ್ಲಿ ರಕ್ತಕ್ಕೆ ಹೇಳಿಕಳಿಸಿ, ಶಸ್ತ್ರಚಿಕಿತ್ಸೆಯ ಕೋಣೆಯನ್ನು ಸಿದ್ಧ ಮಾಡಿಸಿದ್ದಳು. ಮುದುಕ ಉಳಿದ. ನಾವು ಎಚ್ಚರವಾಗಿಯೇ ಇದ್ದು ಎಲ್ಲವನ್ನೂ ಕಂಡೆವು.

ಕಂಡೂ ಏನು ಮಾಡಿದೆವು? ಗುಣವಾಗಿ ಮಠಕ್ಕೆ ಬಂದ ಮೇಲೆ ವೈದ್ಯರನ್ನು ಕರೆಸಿ ಶಾಲು ಹೊದಿಸಿದೆವು, ಫಲಪುಷ್ಪ ಕೊಟ್ಟೆವು. ಆಕೆಯೂ ಬಂದಿದ್ದಳು. ಕಂಬದ ಹಿಂದೆ ನಿಂತು, ಪ್ರಸಾದ ತೆಗೆದುಕೊಂಡು, ರಾತ್ರಿ ಡ್ಯೂಟಿ ಇದೆಯೆಂದು ಬಸ್ಸಿಗೆ ಓಡಿದಳು.

ಪಾಠಶಾಲೆಯಲ್ಲಿ ನಾವು ಚರಕಸಂಹಿತೆಯ ಸೂತ್ರಸ್ಥಾನವನ್ನು ಓದಿದವರು. ಚಿಕಿತ್ಸೆಗೆ ನಾಲ್ಕು ಪಾದಗಳೆಂದು ಅಲ್ಲಿ ಹೇಳಿದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಪರಿಚಾರಕರಿಗೆ ನಾಲ್ಕು ಗುಣಗಳನ್ನೂ ವಿಧಿಸಿದೆ: ಉಪಚಾರದ ಅರಿವು, ದಕ್ಷತೆ, ರೋಗಿಯಲ್ಲಿ ಅನುರಾಗ, ಶೌಚ. ಅನುರಾಗವನ್ನು ಮೊದಲಿಡದೆ ಅರಿವನ್ನು ಮೊದಲಿಟ್ಟಿರುವುದನ್ನು ಗಮನಿಸಬೇಕು. ನಾವೋ, ದಾದಿಯೆಂದರೆ ಮಮತಾಮಯಿ, ತ್ಯಾಗಮೂರ್ತಿ ಎಂದು ಹೊಗಳಿ, ಆಕೆಗೊಂದು ಬುದ್ಧಿಯುಂಟು ಎಂಬುದನ್ನೇ ಮರೆಯುತ್ತೇವೆ. ಶ್ಲೋಕ ನಮಗೆ ಬಾಯಿಪಾಠವಾಗಿತ್ತು, ಕಂಬದ ಹಿಂದೆ ನಿಂತವಳು ಕಾಣಲಿಲ್ಲ.

ಫ್ಲಾರೆನ್ಸ್ ನೈಟಿಂಗೇಲ್ ಎಂಬ ತಾಯಿಯ ಹೆಸರನ್ನು ಶಾಲೆಯ ಮಕ್ಕಳೂ ಹೇಳುತ್ತಾರೆ. 1854ರಲ್ಲಿ ಕ್ರಿಮಿಯಾ ಯುದ್ಧದ ಗಾಯಾಳುಗಳ ನಡುವೆ ದೀಪ ಹಿಡಿದು ತಿರುಗಿದಳೆಂಬುದಷ್ಟೇ ನಮಗೆ ನೆನಪು. ಆದರೆ ಆಕೆ ಸತ್ತವರ ಲೆಕ್ಕವನ್ನಿಟ್ಟಳು. ಗುಂಡಿಗಿಂತ ಹೊಲಸಿನಿಂದ ಬಂದ ರೋಗಕ್ಕೇ ಹೆಚ್ಚು ಜನ ಸತ್ತರೆಂದು ಚಿತ್ರ ಬರೆದು ಸರಕಾರಕ್ಕೆ ತೋರಿಸಿದಳು. 1860ರಲ್ಲಿ ಲಂಡನ್ನಿನಲ್ಲಿ ದಾದಿಯರ ಶಾಲೆ ತೆರೆಯಿಸಿದಳು. ಭಾರತಕ್ಕೆ ಒಮ್ಮೆಯೂ ಬಾರದ ಆಕೆ ಇಲ್ಲಿಯ ನೈರ್ಮಲ್ಯಕ್ಕಾಗಿ ವರ್ಷಗಟ್ಟಲೆ ಬರೆದಳು. ದೀಪಕ್ಕಿಂತ ಆ ಲೆಕ್ಕದ ಪುಸ್ತಕವೇ ದೊಡ್ಡದೆಂದು ನಮಗೆ ತೋರುತ್ತದೆ. ಆಕೆಯ ಹೆಸರಿನಲ್ಲಿ ಭಾರತ ಸರಕಾರವು 1973ರಲ್ಲಿ ರಾಷ್ಟ್ರೀಯ ಪ್ರಶಸ್ತಿಯನ್ನು ಸ್ಥಾಪಿಸಿತು. ಹಳ್ಳಿಯ ಎ.ಎನ್.ಎಂ. ಸಹೋದರಿಯರಿಗೂ ಆ ಪ್ರಶಸ್ತಿ ಉಂಟು. ದಿಲ್ಲಿಗೆ ಕಂಡದ್ದು ನಮ್ಮ ಮಠಕ್ಕೆ ಕಾಣಲು ಇಷ್ಟು ಕಾಲ ಹಿಡಿಯಿತು.

ನಮ್ಮ ಸೀಮೆಗೆ ಹೆಣ್ಣಿನ ಮುಂದಾಳುತನ ಹೊಸದೇನಲ್ಲ. 1824ರಲ್ಲಿ ಕಿತ್ತೂರಿನ ತಾಯಿ ಚೆನ್ನಮ್ಮ ಕತ್ತಿ ಹಿಡಿದಳು. 1829ರಲ್ಲಿ ಇದೇ ಬೈಲಹೊಂಗಲದ ಸೆರೆಯಲ್ಲಿ ದೇಹ ಬಿಟ್ಟಳು, ಆಕೆಯ ಸಮಾಧಿ ಇಲ್ಲಿಯೇ ಇದೆ. ವರ್ಷಕ್ಕೊಮ್ಮೆ ಉತ್ಸವ ಮಾಡುತ್ತೇವೆ, ಮಾಡಬೇಕು. ಕತ್ತಿಯಿಲ್ಲದೆ ಗಡಿಯಾರ ಹಿಡಿದು ನಿಂತವಳ ಮೇಲೆ ಮಾತ್ರ ವರ್ಗಾವಣೆಯ ಬೆದರಿಕೆ ಹಾಕುತ್ತೇವೆ. ರಾಮದುರ್ಗದ ಕಡೆಯವರು ಯೋಚಿಸಿರಿ: ಬೆಳಗಾವಿಯ ದೊಡ್ಡ ಆಸ್ಪತ್ರೆ ನಿಮಗೆಷ್ಟು ದೂರ? ನಡುರಾತ್ರಿ ಹೆರಿಗೆಯಾದ ಮಗಳಿಗೆ ರಕ್ತ ನಿಲ್ಲದಿದ್ದರೆ, ಈಗಲೇ ಗಾಡಿ ಹೊರಡಲಿ ಎಂದು ಮೊದಲು ಹೇಳುವವರು ಯಾರು? ಆಕೆ ಹೇಳಿದಾಗ ಮುಂಜಾನೆ ನೋಡೋಣವೆಂದು ವಾದಕ್ಕೆ ನಿಲ್ಲಬೇಡಿರಿ. ಆಸ್ಪತ್ರೆಯ ಸಲಹಾ ಸಮಿತಿಗಳಲ್ಲಿ ಕುಳಿತ ಭಕ್ತರೂ ಇಲ್ಲಿದ್ದೀರಿ. ಹಿರಿಯ ಸಿಸ್ಟರ್ ಏನು ಬೇಕೆನ್ನುತ್ತಾಳೆಂದು ಒಂದು ದಿನವಾದರೂ ಕೇಳಿದ್ದೀರಾ?

ಇನ್ನು ಈ ಖಾಲಿ ಕುರ್ಚಿಯ ಮಾತು. ಆಕೆಗೆ ಹೇಳಿಕಳಿಸಿದ್ದೆವು. ಜೊತೆಯವಳೊಬ್ಬಳು ಬಾಣಂತಿರಜೆಯಲ್ಲಿದ್ದಾಳೆ, ವಾರ್ಡು ಬಿಟ್ಟು ಬರಲಾಗದು, ಅಪ್ಪಾರು ಕ್ಷಮಿಸಬೇಕು ಎಂದು ಉತ್ತರ ಬಂದಿದೆ. ನಾಳೆ ಮುಂಜಾನೆ ಎಂಟಕ್ಕೆ ಆಕೆಯ ಡ್ಯೂಟಿ ಮುಗಿಯುತ್ತದೆ. ಈ ಶಾಲನ್ನು ತೆಗೆದುಕೊಂಡು ಅಷ್ಟೊತ್ತಿಗೆ ನಾವು ಆಸ್ಪತ್ರೆಯ ಬಾಗಿಲಲ್ಲಿರುತ್ತೇವೆ. ಬರುವವರು ಬರಬಹುದು. ವಾರ್ಡಿನೊಳಗೆ ಮಾತ್ರ ಯಾರೂ ಕಾಲಿಡತಕ್ಕದ್ದಲ್ಲ.