ನಮ್ಮ ಸೈಕಲ್ಲು, ನಮ್ಮ ಬೇರಿಂಗು
(ಅಂಬತ್ತೂರಿನಲ್ಲಿ ಸೇರಿದ ಕಾರ್ಮಿಕ ಬಾಂಧವರ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಈ ವೇದಿಕೆಯಿಂದ ಸಾಮಾನ್ಯವಾಗಿ ಬೋನಸ್ಸು, ಪ್ರಾವಿಡೆಂಟ್ ಫಂಡು, ಮಕ್ಕಳ ಕನ್ನಡ ಪಾಠ ಮೊದಲಾದ ದೊಡ್ಡ ವಿಷಯಗಳ ಮೇಲೆ ಮಾತು ನಡೆಯುತ್ತದೆ. ನಾವು ಈ ಸಂಜೆ ತಮ್ಮ ಮುಂದೆ ಇಡುವ ವಿಷಯ ಗೋಲಿಗಿಂತಲೂ ಚಿಕ್ಕದು. ಸೈಕಲ್ಲಿನ ಎರಡು ಪೆಡಲುಗಳ ನಡುವೆ, ಫ್ರೇಮಿನ ಹೊಟ್ಟೆಯೊಳಗೆ ತಿರುಗುವ ಉಕ್ಕಿನ ಗುಂಡು ಅದು. ಆದರೆ ಅದು ಸವೆದ ದಿನ ನಮ್ಮ ಅರ್ಧ ದಿನದ ಕೂಲಿಯೂ ಸವೆಯುತ್ತದೆ.

ನಮ್ಮಲ್ಲಿ ಹೋಟೆಲಿನವರು ಬೆಳಗಿನ ಜಾವ ನಾಲ್ಕಕ್ಕೆ ಒಲೆಯ ಮುಂದಿರಬೇಕು. ಆ ಹೊತ್ತಿನಲ್ಲಿ ಬಸ್ಸನ್ನು ನಂಬುವಂತಿಲ್ಲ, ಆಟೋಕ್ಕೆ ಕೊಡಲು ಕೈಯಲ್ಲಿಲ್ಲ. ಮಿಲ್ಲಿನಲ್ಲಿ ರಾತ್ರಿ ಪಾಳಿ ಮುಗಿಸಿ ಬರುವವರ ಕಷ್ಟವೂ ಇದೇ. ನಮಗೆ ಸೈಕಲ್ಲು ಷೋಕಿಯ ವಸ್ತುವಲ್ಲ, ಅನ್ನದ ದಾರಿ.

ಕಳೆದ ಮಳೆಗಾಲದಲ್ಲಿ ನಮ್ಮ ಒಬ್ಬ ಸದಸ್ಯರ ಸೈಕಲ್ಲು ಪೆಡಲು ತುಳಿದಾಗಲೆಲ್ಲ 'ಕಟ್ ಕಟ್' ಎನ್ನತೊಡಗಿತು. ಅವರು ಕುಂದಾಪುರದ ಕಡೆಯ ಹುಡುಗ, ಹೋಟೆಲಿನಲ್ಲಿ ಸಪ್ಲಾಯರ್. ರಿಪೇರಿ ಅಂಗಡಿಯವನು, "ಒಳಗಿನ ಸೆಟ್ಟೆಲ್ಲ ಹೋಗಿದೆ, ಆಕ್ಸಲ್ಲು, ಕಪ್ಪು, ಚೈನ್ ವೀಲು ಎಲ್ಲ ಬದಲಾಯಿಸಬೇಕು" ಎಂದ. ಊರಿಗೆ ಕಳುಹಿಸಲು ಇಟ್ಟಿದ್ದ ಹಣದಲ್ಲಿ ಒಂದು ಭಾಗ ಅಲ್ಲಿಯೇ ಖರ್ಚಾಯಿತು. ಮೂರನೆಯ ದಿನಕ್ಕೆ ಅದೇ ಸದ್ದು ಮತ್ತೆ ಬಂತು. ನಾವು ನೋಡಿದಾಗ ಸಡಿಲವಾಗಿದ್ದುದು ಒಂದು ಕಾಟರ್ ಪಿನ್ನು ಮಾತ್ರ! ಅಂಗಡಿಯವನನ್ನು ಬೈದು ಫಲವಿಲ್ಲ. ನಮಗೆ ತಿಳಿಯದಿದ್ದುದೇ ನಮಗೆ ನಷ್ಟವಾಯಿತು.

ಆದ್ದರಿಂದ ಮೊದಲು ರೋಗ ಯಾವುದೆಂದು ಕಂಡುಕೊಳ್ಳಿರಿ. ಸೈಕಲ್ಲು ನಿಲ್ಲಿಸಿ, ಒಂದು ಕ್ರಾಂಕನ್ನು ಹಿಡಿದು ಫ್ರೇಮಿನ ಕಡೆಗೂ ಹೊರಗೂ ಅಲ್ಲಾಡಿಸಿರಿ. ಒಂದೇ ಕ್ರಾಂಕು ಅಲ್ಲಾಡಿದರೆ ಕಾಟರ್ ಪಿನ್ನು ಸಡಿಲ. ಎರಡೂ ಕ್ರಾಂಕು ಒಟ್ಟಿಗೆ ಅಲ್ಲಾಡಿದರೆ ಒಳಗಿನ ಬೇರಿಂಗು ಸಡಿಲವಾಗಿದೆ, ಇಲ್ಲವೆ ಸವೆದಿದೆ. ಚೈನು ಕಳಚಿ ಕ್ರಾಂಕನ್ನು ಮೆಲ್ಲಗೆ ತಿರುಗಿಸಿದಾಗ ಕೈಗೆ ಮರಳು ಅರೆದಂತೆ ತಾಕಿದರೆ ಗುಂಡುಗಳ ಆಯುಸ್ಸು ಮುಗಿದಂತೆಯೇ.

ಬೇರಿಂಗು ಕೆಡುವುದಕ್ಕೆ ಮುಖ್ಯ ಕಾರಣ ನೀರು. 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತದಲ್ಲಿ ಅಂಬತ್ತೂರಿನ ಕೈಗಾರಿಕಾ ಎಸ್ಟೇಟಿಗೇ ನೀರು ನುಗ್ಗಿದ್ದನ್ನು ತಾವು ಕಂಡಿದ್ದೀರಿ. ಅಂಥ ನೀರಿನಲ್ಲಿ ಸೈಕಲ್ಲು ತಳ್ಳಿಕೊಂಡು ಹೋದರೆ ಗ್ರೀಸು ತೊಳೆದುಹೋಗಿ, ಕೆಸರು ಸೇರಿ, ತುಕ್ಕು ಹಿಡಿಯುತ್ತದೆ. ಮಳೆಗಾಲ ಮುಗಿದ ಮೇಲೆ ಒಮ್ಮೆ ಬಿಚ್ಚಿ ಗ್ರೀಸು ಹಾಕಿಸಿದರೆ ಹಲವು ವರ್ಷ ಚಿಂತೆಯಿಲ್ಲ.

ಇನ್ನು ಕೊಳ್ಳುವ ಮಾತು. ನಮ್ಮಲ್ಲಿ ಹೆಚ್ಚಿನವರ ಬಳಿ ಇರುವುದು ಹಳೆಯ ಬಗೆಯ ಭಾರವಾದ ಸೈಕಲ್ಲು. ಅದರ ಹೊಟ್ಟೆಯಲ್ಲಿ ಕಾಲು ಇಂಚಿನ, ಎಂದರೆ 6.35 ಮಿಲಿಮೀಟರಿನ ಗುಂಡುಗಳು, ಬಿಡಿಯಾಗಿ ಹಾಕುವುದಾದರೆ ಪಕ್ಕಕ್ಕೆ 11ರಂತೆ ಒಟ್ಟು 22. ಕೆಲವದರಲ್ಲಿ ಗುಂಡುಗಳು ತಗಡಿನ ಗೂಡಿನೊಳಗೆ ಇರುತ್ತವೆ, ಆಗ ಸಂಖ್ಯೆ ಕಡಿಮೆ. ಗೂಡು ಮುರಿದಿದ್ದರೆ ಅದನ್ನು ಎಸೆದು ಬಿಡಿ ಗುಂಡು ತುಂಬಬಹುದು. ಹಿಂದಿನ ಚಕ್ರಕ್ಕೂ ಕಾಲು ಇಂಚಿನದೇ, ಪಕ್ಕಕ್ಕೆ 9. ಮುಂದಿನ ಚಕ್ರದ್ದು ಚಿಕ್ಕದು.

ಗುಂಡು ಬದಲಾಯಿಸುವಾಗ ಎಲ್ಲವನ್ನೂ ಬದಲಾಯಿಸಿರಿ. ಹಳೆಯದರ ಜೊತೆ ಹೊಸದನ್ನು ಬೆರೆಸಿದರೆ ಸವೆಯದ ಹೊಸ ಗುಂಡೇ ಭಾರವನ್ನೆಲ್ಲ ಹೊತ್ತು ಬೇಗ ಕೆಡುತ್ತದೆ. ನಾಲ್ಕು ಜನರ ಕೆಲಸವನ್ನು ಒಬ್ಬನ ತಲೆಗೆ ಕಟ್ಟಿದರೆ ಏನಾಗುವುದೆಂದು ತಮಗೆ ನಾವು ಹೇಳಬೇಕಾಗಿಲ್ಲ.

ಗುಂಡಿಗಿಂತ ಬೆಲೆಯುಳ್ಳದ್ದು ಕಪ್ಪು ಮತ್ತು ಆಕ್ಸಲ್ಲು. ಅವನ್ನು ಕಣ್ಣು ಮುಚ್ಚಿ ಬದಲಾಯಿಸಬೇಡಿರಿ. ಸೀಮೆಎಣ್ಣೆ ಅಥವಾ ಡೀಸೆಲ್ಲಿನಿಂದ ಒರಸಿ, ಗುಂಡು ಉರುಳುವ ದಾರಿಯ ಮೇಲೆ ಬಾಲ್ ಪೆನ್ನಿನ ಮೊನೆಯನ್ನು ಮೆಲ್ಲಗೆ ಎಳೆಯಿರಿ. ನುಣ್ಣಗೆ ಜಾರಿದರೆ ಅದು ಇನ್ನೂ ದುಡಿಯುತ್ತದೆ. ಮೊನೆ ಎಲ್ಲಿಯಾದರೂ ತಡೆದು ನಿಂತರೆ ಗುಳಿ ಬಿದ್ದಿದೆ ಎಂದರ್ಥ, ಆಗ ಮಾತ್ರ ಹೊಸದು. ಆಕ್ಸಲ್ಲುಗಳ ಉದ್ದ ಒಂದೇ ಇರುವುದಿಲ್ಲ. ಹಳೆಯದನ್ನು ಕಾಗದದಲ್ಲಿ ಸುತ್ತಿಕೊಂಡೇ ಅಂಗಡಿಗೆ ಹೋಗಿರಿ. ಬಲಗಡೆಯ ಕಪ್ಪಿನ ಮರೆ ಉಲ್ಟಾ. ಅದನ್ನು ಬಿಚ್ಚಬೇಕಾದರೆ ಗಡಿಯಾರದ ಮುಳ್ಳು ಸುತ್ತುವ ಕಡೆಗೆ ತಿರುಗಿಸಬೇಕು. ಇದು ತಿಳಿಯದೆ ಮರೆ ಕೆಡಿಸಿ ಫ್ರೇಮನ್ನೇ ಹಾಳುಮಾಡಿಕೊಂಡವರುಂಟು.

ಈಚೆಗೆ ನಮ್ಮ ತರುಣರು ಕೊಳ್ಳುವ ಗೇರಿನ ಸೈಕಲ್ಲುಗಳಲ್ಲಿ ಮುಚ್ಚಿದ ಬೇರಿಂಗುಗಳಿವೆ. ಕೆಲವದರಲ್ಲಿ ಇಡೀ ಕೊಳವೆಯನ್ನೇ ಬದಲಾಯಿಸಬೇಕಾಗುತ್ತದೆ. ಆದರೆ ಬೇರಿಂಗನ್ನು ಬೇರೆಯಾಗಿ ತೆಗೆಯಲು ಬರುವಂತಿದ್ದರೆ ಅದರ ಅಂಚಿನ ಮೇಲೆ ಕೊರೆದ ಸಂಖ್ಯೆಯನ್ನು ಓದಿರಿ. 6003 ಎಂದಿದ್ದರೆ ಒಳಗಿನ ರಂಧ್ರ 17, ಹೊರಗಿನ ಅಗಲ 35, ದಪ್ಪ 10 ಮಿಲಿಮೀಟರ್. 6903 ಎಂದಿದ್ದರೆ 17, 30, 7. ಈ ಸಂಖ್ಯೆಗಳು ಲೋಕಕ್ಕೆಲ್ಲ ಒಂದೇ. ಮುಂದೆ 2ಆರ್‌ಎಸ್ ಎಂದಿದ್ದರೆ ಎರಡೂ ಕಡೆ ರಬ್ಬರಿನ ಮುಚ್ಚಳ, ಝಡ್‌ಝಡ್ ಎಂದಿದ್ದರೆ ತಗಡಿನ ಮುಚ್ಚಳ. ನಮ್ಮ ಮಳೆಗೆ ರಬ್ಬರಿನದೇ ಮೇಲು. ಸೈಕಲ್ ಕಂಪನಿಯ ಹೆಸರಿನ ಪೊಟ್ಟಣದಲ್ಲೇ ಅದನ್ನು ಕೊಳ್ಳಬೇಕೆಂಬ ನಿಯಮವಿಲ್ಲ. ಯಂತ್ರಗಳ ಬೇರಿಂಗು ಮಾರುವ ಅಂಗಡಿಯಲ್ಲಿ ಸಂಖ್ಯೆ ಹೇಳಿ ಕೇಳಿರಿ. ಸ್ವೀಡನ್ನಿನಲ್ಲಿ 1907ರಲ್ಲಿ ಹುಟ್ಟಿದ ಎಸ್‌ಕೆಎಫ್, ಜೈಪುರದಲ್ಲಿ 1946ರಲ್ಲಿ ಹುಟ್ಟಿದ ಸಂಸ್ಥೆಯ ಎನ್‌ಬಿಸಿ ಮುಂತಾದವು ಹೆಸರಾದುವು. ಹೆಸರಾದ ಸರಕಿಗೆ ನಕಲಿಯೂ ಉಂಟು. ಆದ್ದರಿಂದ ಎರಡು ಅಂಗಡಿಯಲ್ಲಿ ದರ ವಿಚಾರಿಸಿ, ಬಿಲ್ಲು ಕೇಳಿ ಪಡೆಯಿರಿ.

ಈ ಊರಿಗೂ ಸೈಕಲ್ಲಿಗೂ ಹಳೆಯ ನಂಟು. 1949ರಲ್ಲಿ ಸ್ಥಾಪನೆಯಾದ ಟ್ಯೂಬ್ ಇನ್‌ವೆಸ್ಟ್‌ಮೆಂಟ್ಸ್ ಸಂಸ್ಥೆ ಇಂಗ್ಲೆಂಡಿನ ಕಂಪನಿಯ ಜೊತೆಗೂಡಿ ಇದೇ ಅಂಬತ್ತೂರಿನಲ್ಲಿ ಹರ್ಕ್ಯುಲಿಸ್ ಸೈಕಲ್ಲುಗಳನ್ನು ತಯಾರಿಸಿತು. ದೇಶದ ಮೂಲೆಮೂಲೆಗೆ ಸೈಕಲ್ಲು ಕಳುಹಿಸಿದ ಊರಿನಲ್ಲಿದ್ದುಕೊಂಡು, 22 ಗುಂಡುಗಳ ವಿದ್ಯೆ ನಮಗೆ ತಿಳಿಯದೆ ಹೋದರೆ ನಾಚಿಕೆಯಲ್ಲವೆ?

ಕೊನೆಯದಾಗಿ ಒಂದು ಸಲಹೆ. ಗುಂಡುಗಳನ್ನು ಗ್ರೋಸ್ ಲೆಕ್ಕದಲ್ಲಿಯೂ ಮಾರುತ್ತಾರೆ. ಗ್ರೋಸ್ ಎಂದರೆ 144. ಆರು ಸೈಕಲ್ಲಿಗೆ 132 ಹೋಗಿ, ಇನ್ನೂ 12 ಉಳಿಯುತ್ತವೆ. ಒಬ್ಬೊಬ್ಬರೇ ಬಿಡಿಯಾಗಿ ಕೊಳ್ಳುವ ಬದಲು ಆರು ಜನ ಸೇರಿ ಒಂದು ಗ್ರೋಸ್ ತಂದರೆ ತಲೆಗೆ ಬೀಳುವ ಹಣ ಅಲ್ಪ. ಜೊತೆಗೆ ಒಂದು ಸುತ್ತಿಗೆ, ಮರದ ತುಂಡು, ಎರಡು ಸ್ಪ್ಯಾನರು, ಒಂದು ಡಬ್ಬಿ ಗ್ರೀಸು ಸಂಘದ ಕೋಣೆಯಲ್ಲಿರಲಿ. ಬಲ್ಲವರು ತಿಂಗಳಿಗೊಂದು ಭಾನುವಾರ ಎರಡು ತಾಸು ಕೊಡಲಿ, ಕಿರಿಯರು ಪಕ್ಕದಲ್ಲಿ ಕುಳಿತು ಕಲಿಯಲಿ.

ಆ ಕುಂದಾಪುರದ ಹುಡುಗ ಈಗ ಇಲ್ಲಿಯೇ ಮುಂದಿನ ಸಾಲಿನಲ್ಲಿ ಕುಳಿತಿದ್ದಾನೆ. ಹೋದ ವಾರ ಇನ್ನೊಬ್ಬರ ಸೈಕಲ್ಲಿನ ಕಾಟರ್ ಪಿನ್ನನ್ನು ತಾನೇ ಬಿಗಿಮಾಡಿಕೊಟ್ಟ, ಕಾಸು ಮುಟ್ಟಲಿಲ್ಲ. ಮೊದಲ ಭಾನುವಾರದ ಕೆಲಸವನ್ನು ಅವನ ಕೈಯಿಂದಲೇ ಪ್ರಾರಂಭಿಸೋಣ.