ಗೋಣು ನೋವು: ಕೈಚಿಕಿತ್ಸೆ ಎಲ್ಲಿಯವರೆಗೆ?

ಅಮರಗೋಳದ ಎಪಿಎಂಸಿಯಲ್ಲಿ ಮೂಟೆ ಹೊರುವ ಹಮಾಲರು, ಹೊಲಿಗೆ ಯಂತ್ರದ ಮೇಲೆ ಬಗ್ಗಿ ದಿನ ಕಳೆಯುವ ಹೆಣ್ಣುಮಕ್ಕಳು, ಹುಬ್ಬಳ್ಳಿ-ಧಾರವಾಡ ನಡುವೆ ದಿನವೂ ಬೈಕಿನಲ್ಲಿ ಓಡಾಡುವ ನೌಕರರು ಗೋಣು ನೋವೆಂದು ಎಕ್ಸ್‌ರೇ ತೆಗೆಸಿದರೆ, ನಡುವಯಸ್ಸು ದಾಟಿದವರ ವರದಿಯಲ್ಲಿ ‘ಸರ್ವೈಕಲ್ ಸ್ಪಾಂಡಿಲೋಸಿಸ್’ ಎಂಬ ಮಾತು ಇದ್ದೇ ಇರುತ್ತದೆ. ಎಲುಬು ಸವೆದಿದೆ, ಇನ್ನು ಇದು ಜೀವಮಾನದ ನೋವು ಎಂದು ಮನೆಯವರೆಲ್ಲ ಆಗಲೇ ತೀರ್ಮಾನಿಸಿಬಿಡುತ್ತಾರೆ. ಈ ತೀರ್ಮಾನಕ್ಕೆ ಆಧಾರ ಸಾಲದು. ನೋವೇ ಇಲ್ಲದವರ ಗೋಣನ್ನು ಎಂಆರ್‌ಐ ಮಾಡಿ 1990ರಲ್ಲಿ ಅಮೆರಿಕದ ಬೋಡನ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ, ನಲವತ್ತು ದಾಟಿದವರ ಪೈಕಿ ಸುಮಾರು ಶೇ 60ರಷ್ಟು ಜನರಿಗೆ ಒಂದಲ್ಲ ಒಂದು ಕಡೆ ಎಲುಬಿನ ಮಣಿಗಳ ನಡುವಿನ ಡಿಸ್ಕ್ ಸವೆದಿತ್ತು. 2015ರಲ್ಲಿ ಪ್ರಕಟವಾದ ಜಪಾನಿನ ಅಧ್ಯಯನದಲ್ಲಿ 1,211 ಆರೋಗ್ಯವಂತರ ಪೈಕಿ ಶೇ 87.6ರಷ್ಟು ಜನರಿಗೆ ಡಿಸ್ಕ್ ಉಬ್ಬಿತ್ತು. ಸವೆತ ಉಳಿದುಕೊಂಡೇ ನೋವು ಇಳಿಯಬಹುದು ಎಂಬುದಕ್ಕೆ ಇದಕ್ಕಿಂತ ಭರವಸೆಯ ಮಾತು ಬೇಕಿಲ್ಲ.

ಕೈಚಿಕಿತ್ಸೆಗೆ ಜಾಗವಿರುವುದು ಇಲ್ಲಿಯೇ. ರೋಗಿಯನ್ನು ಬೋರಲು ಮಲಗಿಸಿ, ಎರಡೂ ಹೆಬ್ಬೆರಳನ್ನು ಒಂದೊಂದೇ ಮಣಿಯ ಮೇಲಿಟ್ಟು, ಫಿಸಿಯೋಥೆರಪಿಸ್ಟರು ಹದವಾಗಿ, ಒಂದೇ ಲಯದಲ್ಲಿ ಒತ್ತಿ ಬಿಡುತ್ತಾರೆ. ಈ ಒತ್ತಡಕ್ಕೆ ಆಸ್ಟ್ರೇಲಿಯಾದ ಜೆಫ್ರಿ ಮೇಟ್‌ಲ್ಯಾಂಡ್ ದರ್ಜೆಗಳನ್ನು ಗೊತ್ತುಮಾಡಿದರು: ನೋವು ಜೋರಿದ್ದರೆ ತೀರ ಸಣ್ಣ ಅಲುಗಾಟ, ಬಿಗಿತವೇ ಹೆಚ್ಚಿದ್ದರೆ ಚಲನೆಯ ಕೊನೆಯವರೆಗೆ. ಇದರಿಂದ ಸರಿದ ಎಲುಬು ಜಾಗಕ್ಕೆ ಬಂದು ಕೂರುತ್ತದೆಂಬ ನಂಬಿಕೆ ಬಹಳ ಹಳೆಯದು, ಆದರೆ ನಿಜವಲ್ಲ. ನರಮಂಡಲ ನೋವನ್ನು ಗ್ರಹಿಸುವ ರೀತಿ ಕೆಲಹೊತ್ತು ಬದಲಾಗುತ್ತದೆ, ಬಿಗಿದ ಸ್ನಾಯು ಸಡಿಲುತ್ತದೆ, ಗೋಣು ಹೊರಳುತ್ತದೆ. ಆ ಆರಾಮ ಸುಳ್ಳಲ್ಲ. ಆದರೆ ಬಹುಕಾಲ ಉಳಿಯುವಂಥದೂ ಅಲ್ಲ.

ನನ್ನ ವಾದ ಇಷ್ಟೇ: ಕೈಚಿಕಿತ್ಸೆ ವ್ಯಾಯಾಮಕ್ಕೆ ಹಾದಿ ಮಾಡಿಕೊಡಬೇಕು, ಅದರ ಬದಲಿಗೆ ನಿಲ್ಲಬಾರದು. ನೆದರ್‌ಲ್ಯಾಂಡ್ಸ್‌ನಲ್ಲಿ 183 ಮಂದಿಯ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಏಳು ವಾರಕ್ಕೆ ಕೈಚಿಕಿತ್ಸೆ ಪಡೆದವರ ಪೈಕಿ ಶೇ 68ರಷ್ಟು ಜನ ಗುಣಕಂಡರು. ಸಾಮಾನ್ಯ ವೈದ್ಯರ ಆರೈಕೆಯಲ್ಲಿದ್ದವರಲ್ಲಿ ಶೇ 36ರಷ್ಟು ಮಾತ್ರ. ಕೈಚಿಕಿತ್ಸೆಯ ಪರ ಇದು ಗಟ್ಟಿ ಸಾಕ್ಷಿ. ಆದರೆ ಅಮೆರಿಕದಲ್ಲಿ ದೀರ್ಘಕಾಲದ ಗೋಣು ನೋವಿನ 191 ಮಂದಿಯನ್ನು ಎರಡು ವರ್ಷ ಗಮನಿಸಿದಾಗ, ಬರೀ ಕೈಚಿಕಿತ್ಸೆಯವರಿಗಿಂತ ವ್ಯಾಯಾಮ ಮಾಡಿದವರೇ ಮುಂದಿದ್ದರು. ಫಿನ್‌ಲ್ಯಾಂಡಿನ 180 ಕಚೇರಿ ನೌಕರ ಮಹಿಳೆಯರು ಒಂದು ವರ್ಷ ಗೋಣಿನ ಸ್ನಾಯು ಬಲಪಡಿಸುವ ವ್ಯಾಯಾಮ ಮಾಡಿ ಪಡೆದ ಲಾಭವೂ (2003) ಇದನ್ನೇ ಹೇಳುತ್ತದೆ. ಈ ಪ್ರಯೋಗಗಳು ಸವೆತ ಕಂಡವರನ್ನಷ್ಟೇ ಆರಿಸಿ ಮಾಡಿದವಲ್ಲ, ಒಪ್ಪುತ್ತೇನೆ. ಆದರೆ ಸವೆತಕ್ಕೂ ನೋವಿಗೂ ನಂಟು ಅಷ್ಟು ಸಡಿಲವಿರುವಾಗ ಅವನ್ನು ಬದಿಗೊತ್ತಲು ಕಾರಣವಿಲ್ಲ.

ದಿನವಿಡೀ ಹೊರೆ ಹೊರುವವನಿಗೆ ಮತ್ತೆಂಥ ವ್ಯಾಯಾಮ ಎಂಬ ಆಕ್ಷೇಪ ಬರುತ್ತದೆ. ಹೊರೆ ದುಡಿಸುವುದು ಹೆಚ್ಚಾಗಿ ಹೆಗಲಿನ, ಬೆನ್ನಿನ ಹೊರಸ್ನಾಯುಗಳನ್ನು. ನೋವಿದ್ದವರಲ್ಲಿ ಸೋಲುವುದು ಗಂಟಲಿನ ಹಿಂದೆ, ಮಣಿಗಳಿಗೆ ಅಂಟಿಕೊಂಡ ಒಳಸ್ನಾಯುಗಳು. ಅಂಗಾತ ಮಲಗಿ, ತಲೆ ಎತ್ತದೆ, ಹೌದೆಂದು ತಲೆಯಾಡಿಸುವಷ್ಟೇ ಮೆಲ್ಲಗೆ ಗದ್ದವನ್ನು ಒಳಗೆಳೆದು ಹತ್ತು ಸೆಕೆಂಡು ಹಿಡಿಯುವುದು, ಹೀಗೆ ಹತ್ತು ಸಲ: ನೋಡಲು ಏನೂ ಅಲ್ಲ, ಮಾಡಹೋದರೆ ಗೋಣು ನಡುಗುತ್ತದೆ.

ಅಪಾಯದ ಪ್ರಶ್ನೆ ಇದಕ್ಕಿಂತ ಗಂಭೀರ. ಬಳ್ಳಾರಿಯ ಯುವಕರೊಬ್ಬರು ಸಲೂನಿನಲ್ಲಿ ಗೋಣು ತಿರುವಿಸಿಕೊಂಡ ಮೇಲೆ ಪಾರ್ಶ್ವವಾಯುವಿಗೆ ತುತ್ತಾದ ಸುದ್ದಿ 2024ರಲ್ಲಿ ಪತ್ರಿಕೆಗಳಲ್ಲಿ ಬಂತು. ರಭಸದಿಂದ ತಿರುವಿ ‘ಲಟಕ್’ ಅನ್ನಿಸುವಾಗ ಮೆದುಳಿಗೆ ಹೋಗುವ ರಕ್ತನಾಳ ಹರಿಯುವುದು ಅಪರೂಪ, ಆದರೆ ಹರಿದರೆ ಜೀವಕ್ಕೇ ಸಂಚಕಾರ. ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ವಿಮರ್ಶೆಯ ಪ್ರಕಾರ ಮೆಲ್ಲನೆಯ ಒತ್ತಡದ ಫಲವೂ ರಭಸದ ತಿರುವಿನ ಫಲವೂ ಹೆಚ್ಚುಕಡಿಮೆ ಒಂದೇ. ಹಾಗಿದ್ದ ಮೇಲೆ ರಭಸ ಯಾಕೆ ಬೇಕು? ಅಂಗಿಯ ಗುಂಡಿ ಹಾಕಲು ಕೈ ತಡವರಿಸಿದರೆ, ನಡೆಯುವಾಗ ಕಾಲು ಬಿಗಿದರೆ, ಮೂತ್ರದ ಹಿಡಿತ ತಪ್ಪಿದರೆ, ಅದು ಬೆನ್ನುಹುರಿಯೇ ಒತ್ತಿಕೊಂಡ ಸೂಚನೆ. ಅಲ್ಲಿ ಯಾರ ಕೈಯೂ ಗೋಣಿನ ಮೇಲೆ ಬೀಳಬಾರದು. ತಡಮಾಡದೆ ಹುಬ್ಬಳ್ಳಿಯ ಕೆಎಂಸಿಆರ್‌ಐನಂಥ (ಹಿಂದಿನ ಕಿಮ್ಸ್) ದೊಡ್ಡಾಸ್ಪತ್ರೆಗೆ ಕಳಿಸಬೇಕು.

ಉಳಿದವರಿಗೆ ‘ಹತ್ತು ಸಿಟಿಂಗ್’ ಎಂದು ಬರೆದುಕೊಡುವ ರೂಢಿ ಬದಲಾಗಲಿ. ಒಂದೊಂದು ಸಿಟಿಂಗಿಗೂ ಹಮಾಲನ ಅರ್ಧ ದಿನದ ದುಡಿಮೆ ಹೋಗುತ್ತದೆ. ನಾಲ್ಕೈದರಲ್ಲಿ ಮುಗಿಸಿ, ಪ್ರತಿ ಸಲವೂ ಅರ್ಧ ಹೊತ್ತನ್ನು ವ್ಯಾಯಾಮ ಮಾಡಿಸಿ ತಿದ್ದುವುದಕ್ಕೆ ಮೀಸಲಿಟ್ಟು, ಅವರದೇ ಫೋನಿನಲ್ಲಿ ಅವರದೇ ವಿಡಿಯೋ ತೆಗೆದುಕೊಟ್ಟರೆ, ತಿಂಗಳ ನಂತರ ಒಮ್ಮೆ ಕರೆಸಿ ನೋಡಿದರೆ ಸಾಕು.